ಹೆಲ್ಪರ್ ಎಂದು ನಾನೇ ಟೈಪ್ ಮಾಡಿದ ಪತ್ರ

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಹನ್ನೆರಡು ವರ್ಷ ಪಾಠ ಹೇಳಿದೆ. ಮೊದಲು ಅಲ್ಲಿಯೇ ಕಲಿತವಳು. ಇಂಗ್ಲಿಷ್ ಸೀನಿಯರ್, ಕನ್ನಡ ಸೀನಿಯರ್ ಎರಡೂ ಪರೀಕ್ಷೆ ಪಾಸಾದ ಮೇಲೆ ಅಲ್ಲಿಯೇ ಉಳಿದುಕೊಂಡೆ. ಕಾರ್ಖಾನೆಯಲ್ಲಿದ್ದ ಅಪ್ಪ ನಾನು ಓದುತ್ತಿರುವಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಬೆಳಗಿನ ಶಿಫ್ಟಿನ ಸೈರನ್ ಕೂಗುವ ಹೊತ್ತಿಗೆ ಹೋಗಿ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆಯುತ್ತಿದ್ದವಳು ನಾನು. ಹದಿನಾಲ್ಕು ಯಂತ್ರಗಳಿದ್ದವು. ಯಾವುದರ ರಿಬ್ಬನ್ ಸಿಕ್ಕಿಕೊಳ್ಳುತ್ತದೆ, ಯಾವುದರಲ್ಲಿ 'ಇ' ಅಕ್ಷರ ಸವೆದಿದೆ ಎಂದು ಬರೀ ಸದ್ದು ಕೇಳಿಯೇ ಹೇಳುತ್ತಿದ್ದೆ. ನನ್ನ ಹತ್ತಿರ ಕಲಿತವರು ಕೋರ್ಟಿನಲ್ಲಿದ್ದರು, ತಾಲ್ಲೂಕು ಕಚೇರಿಯಲ್ಲಿದ್ದರು. ಬಸ್ಸಿನಲ್ಲಿ ಸಿಕ್ಕರೆ ಎದ್ದು ಸೀಟು ಬಿಡುತ್ತಿದ್ದರು.

ಮಾಲೀಕರಿಗೆ ಆಗ ಐವತ್ತರ ಹತ್ತಿರ. ಸಫಾರಿ ಹಾಕಿಕೊಂಡು ಹನ್ನೊಂದಕ್ಕೆ ಬರುತ್ತಿದ್ದರು. ಹೊಸದಾಗಿ ಸೇರಲು ಬಂದವರ ಹತ್ತಿರ ಮಾತಾಡಿ, ಪೇಪರ್ ಓದಿ, ಊಟಕ್ಕೆ ಹೊರಡುತ್ತಿದ್ದರು. ಅವರು ಯಂತ್ರದ ಮುಂದೆ ಕುಳಿತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅದೇನೂ ನನಗೆ ವಿಚಿತ್ರವಾಗಿ ಕಂಡಿರಲಿಲ್ಲ, ಮಾಲೀಕರಲ್ಲವೇ.

ತೊಂಬತ್ತರ ದಶಕದ ಮಧ್ಯದಲ್ಲಿ ಅವರು ನಾಲ್ಕು ಕಂಪ್ಯೂಟರ್ ತಂದರು. ಒಳಗಿನ ಕೋಣೆಗೆ ಗಾಜಿನ ಬಾಗಿಲು ಕೂರಿಸಿದರು, ಎ.ಸಿ. ಹಾಕಿಸಿದರು. ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚಿ ಪೂಜೆಯೂ ಆಯಿತು. ಧೂಳು ತಾಗಿದರೆ ಕಂಪ್ಯೂಟರ್ ಕೆಟ್ಟುಹೋಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು, ಚಪ್ಪಲಿ ಹೊರಗೆ ಬಿಡಬೇಕು. ಪೂಜೆಯ ದಿನ ಬಂದವರ ಚಪ್ಪಲಿ ಅದಲುಬದಲಾಗದಂತೆ ನೋಡಿಕೊಳ್ಳಲು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ನಾನು ನಿಂತೆ. ಹೇಗೂ ನಾಳೆಯಿಂದ ಒಳಗೆ ಪಾಠ ಹೇಳುವವಳು ನಾನೇ ತಾನೆ ಎಂದುಕೊಂಡಿದ್ದೆ.

ಒಂದು ವಾರ ಕಾದು ಕೇಳಿದೆ. ಹೊರಗಿನ ಹಾಲಿನಲ್ಲಿ ಹತ್ತು ಜನ ಟೈಪ್ ಮಾಡುತ್ತಿದ್ದರು.

"ಸರ್, ನಾನೂ ಒಂದಿಷ್ಟು ಇದನ್ನ ಕಲೀಬೋದಾ? ಆಮೇಲೆ ಹೇಳ್ಕೊಡ್ತೀನಿ."

ಅವರು ನಕ್ಕರು. "ಅಯ್ಯೋ ಮಾರಾಯ್ತಿ, ಟೈಪ್ ಕುಟ್ಟಿ ಕುಟ್ಟಿ ಗಟ್ಟಿಯಾದ ಕೈ ಅದು. ಕೀಬೋರ್ಡ್ ಒಡೆದು ಹಾಕ್ತೀರ ಅಷ್ಟೇ. ಅದಕ್ಕೆಲ್ಲ ತಲೆ ಬೇಕು. ನೀವು ಹೊರಗಿಂದು ನೋಡ್ಕೊಳ್ಳಿ."

ಯಂತ್ರಗಳ ಸದ್ದು ನಿಂತಿತ್ತು. ಹತ್ತು ಜನವೂ ನನ್ನನ್ನು ನೋಡುತ್ತಿದ್ದರು. "ಯಾಕೆ ನಿಲ್ಸಿದ್ರಿ, ಹೊಡೀರಿ" ಎಂದು ಅವರನ್ನು ಗದರಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ವರ್ಷ ತುಂಬುವುದರೊಳಗೆ ಟೈಪಿಂಗಿಗೆ ಬರುವವರು ಕಡಿಮೆಯಾದರು. ಒಂದು ಬೆಳಿಗ್ಗೆ ಗುಜರಿಯವನು ಬಂದು ಒಂಬತ್ತು ಯಂತ್ರಗಳನ್ನು ಕೈಗಾಡಿಗೆ ಹೇರಿಕೊಂಡು ಹೋದ. ಅದಾದ ಮೂರನೆಯ ದಿನ ಮಾಲೀಕರು ನನ್ನನ್ನು ಕರೆದು, ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು. ನಾನು ಅಳಲಿಲ್ಲ. ಹನ್ನೆರಡು ವರ್ಷ ಪಾಠ ಹೇಳಿದ್ದಕ್ಕೆ ಒಂದು ಅನುಭವ ಪತ್ರ ಕೊಡಿ ಎಂದೆ.

"ಅದಕ್ಕೇನು, ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವೇ ಟೈಪ್ ಮಾಡಿ" ಎಂದರು.

ಲೆಟರ್‌ಹೆಡ್ ಸಿಕ್ಕಿಸಿ ಕುಳಿತೆ. ಅವರು ಕುರ್ಚಿಗೆ ಒರಗಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನನ್ನ ಹೆಸರು ಬಂತು, ಅಪ್ಪನ ಹೆಸರು ಬಂತು. ನಂತರ, ಈ ಸಂಸ್ಥೆಯಲ್ಲಿ ಇವರು ಆಫೀಸ್ ಹೆಲ್ಪರ್ ಆಗಿ ಕೆಲಸ ಮಾಡಿದ್ದಾರೆ ಎಂದರು. ನನ್ನ ಬೆರಳು ನಿಂತಿತು.

"ಸರ್, ಇನ್‌ಸ್ಟ್ರಕ್ಟರ್."

"ಇನ್‌ಸ್ಟ್ರಕ್ಟರ್ ಅಂತ ಕೊಟ್ರೆ ನಾಳೆ ನೀವು ಲೇಬರ್ ಆಫೀಸಿಗೆ ಹೋಗ್ತೀರ, ಅದು ಇದು ಅಂತೀರ. ನಂಗ್ಯಾಕೆ ಅದೆಲ್ಲ? ಹೆಲ್ಪರ್ ಅಂತ್ಲೇ ಹೊಡೀರಿ."

ಹೊಡೆದೆ. ಒಂದು ತಪ್ಪೂ ಇಲ್ಲದೆ ಹೊಡೆದೆ. ಅವರು ಸಹಿ ಹಾಕಿ ಸೀಲು ಒತ್ತಿದರು. ಆ ಕಾಗದವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಸೇತುವೆ ದಾಟುವಾಗ ಹೊಳೆಗೆ ಎಸೆದುಬಿಡಬೇಕು ಎನಿಸಿತು. ಎಸೆಯಲಿಲ್ಲ. ಇಟ್ಟುಕೊಂಡರೆ ಸಿಟ್ಟು ಆರುವುದಿಲ್ಲ ಎಂದು ಇಟ್ಟುಕೊಂಡೆ.

ಮುಂದಿನ ತಿಂಗಳೇ ಶಿವಮೊಗ್ಗದ ಒಂದು ದೊಡ್ಡ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದೆ. ನನಗೆ ಆಗ ಮೂವತ್ಮೂರು. ಕೇಂದ್ರದ ಮುಖ್ಯಸ್ಥರು ನನಗಿಂತ ಚಿಕ್ಕವರು, ಟೈ ಕಟ್ಟಿದವರು. "ಒಂದೂವರೆ ವರ್ಷ ಮೇಡಂ, ಆಮೇಲೆ ಕೆಲಸ ನಿಮ್ಮನ್ನ ಹುಡ್ಕೊಂಡು ಬರುತ್ತೆ" ಎಂದಿದ್ದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಕಂಡ ಕನಸೇ ಬೇರೆ. ಪ್ರೋಗ್ರಾಮರ್ ಎಂದರೆ ತಣ್ಣನೆಯ ಕೋಣೆಯಲ್ಲಿ ಒಬ್ಬಳೇ ಕುಳಿತು ಯೋಚನೆ ಮಾಡುವವಳು. ಅವಳಿಗೆ ಯಾರೂ ಪತ್ರ ಹೇಳಿ ಬರೆಸುವುದಿಲ್ಲ. ಒಂದು ದಿನ ಕಾರಿನಲ್ಲಿ ಓಲ್ಡ್ ಟೌನಿಗೆ ಬಂದು ಬಟ್ಟೆ ಅಂಗಡಿಯ ಮುಂದೆ ಇಳಿಯುತ್ತಾಳೆ. ಅಷ್ಟೇ ನನ್ನ ಕನಸು. ಇಳಿದ ಮೇಲೆ ಏನು ಮಾಡುತ್ತಾಳೆ ಎಂಬುದನ್ನು ಮಾತ್ರ ದಿನಕ್ಕೊಂದು ಥರ ಬದಲಾಯಿಸುತ್ತಿದ್ದೆ.

ಮೊದಲ ಆರು ವಾರ ಕಂಪ್ಯೂಟರನ್ನು ಮುಟ್ಟಲು ಬಿಡಲಿಲ್ಲ. ಅದರ ಚರಿತ್ರೆಯನ್ನು ನೋಟ್ಸ್ ಬರೆಸಿದರು. ಆಮೇಲೆ ಮೂರು ಜನಕ್ಕೆ ಒಂದು ಯಂತ್ರ. ಹಾಸ್ಟೆಲ್ ಹುಡುಗರು ಕೀಬೋರ್ಡ್ ಹಿಡಿದರೆ ಬಿಡುತ್ತಿರಲಿಲ್ಲ. ಕರೆಂಟು ಹೋದರೆ ಆ ದಿನದ ಪಾಠ ಮುಗಿದಂತೆ. ಕೊನೆಗೂ ನನ್ನ ಸರದಿ ಬಂದಾಗ, ಕಣ್ಣು ಪರದೆಯ ಮೇಲಿಟ್ಟು ಒಂದೇ ಸಮನೆ ಹೊಡೆದುಕೊಂಡು ಹೋದೆ. ಪಕ್ಕದ ಹುಡುಗರು ಬಾಯಿ ತೆರೆದು ನೋಡಿದರು. ಆ ಖುಷಿ ಐದು ನಿಮಿಷ. ಪ್ರೋಗ್ರಾಮ್ ಓಡಿಸಿದರೆ ಎರಡು ಪುಟ ತಪ್ಪು ಬಂತು. ಎಲ್ಲೋ ಒಂದು ಪೂರ್ಣವಿರಾಮ ಬಿಟ್ಟುಹೋಗಿತ್ತು, ಅಷ್ಟೇ. ಕೋಬಾಲ್ ಎಂಬ ಆ ಭಾಷೆಯಲ್ಲಿ ಒಂದು ಚುಕ್ಕೆ ಬಿಟ್ಟರೂ ಕ್ಷಮೆ ಇಲ್ಲ.

ಆ ಗುಣ ನನಗೆ ಹಿಡಿಸಿತು. ಬೇರೆಯವರ ಪುಟಗಳಲ್ಲಿ ಹನ್ನೆರಡು ವರ್ಷ ತಪ್ಪಿಗೆ ಕೆಂಪು ಸುತ್ತು ಹಾಕಿದ ಕಣ್ಣು ನನ್ನದು. ತರಗತಿಯವರೆಲ್ಲ ತಮ್ಮ ಕಾಗದ ತಂದು ನನ್ನ ಮುಂದೆ ಹಿಡಿಯುವಂತಾಯಿತು. ತರ್ಕ ಮಾತ್ರ ಬೇಗ ಹತ್ತಲಿಲ್ಲ. ಒಂದೊಂದು ಲೆಕ್ಕಕ್ಕೆ ಮೂರು ದಿನ ತಲೆ ಕೆಡಿಸಿಕೊಂಡಿದ್ದುಂಟು. 'ಅದಕ್ಕೆಲ್ಲ ತಲೆ ಬೇಕು' ಎಂಬ ಮಾತು ನೆನಪಾದರೆ ಸಾಕು, ಮತ್ತೆ ಕೂರುತ್ತಿದ್ದೆ. ಬೇರೆಯವರು ಓದಿದ್ದು ಕೆಲಸಕ್ಕೆ. ನಾನು ಓದಿದ್ದು ಒಬ್ಬ ಮನುಷ್ಯನ ಮುಖ ನೋಡುವುದಕ್ಕೆ.

ಕೋರ್ಸ್ ಮುಗಿಯಿತು. ಕೆಲಸ ಹುಡುಕಿಕೊಂಡು ಬರಲಿಲ್ಲ. ನಾನೇ ಬೆಂಗಳೂರಿಗೆ ಎರಡು ಸಲ ಹೋಗಿ ಬಂದೆ. ಅನುಭವ ಪತ್ರ ಕೇಳಿದ ಕಡೆ ಇದ್ದದ್ದು ಆ ಒಂದೇ ಕಾಗದ. ಒಬ್ಬರು ಓದಿ ತಲೆಯೆತ್ತಿ, "ಹೆಲ್ಪರ್ ಆಗಿದ್ರಾ?" ಎಂದು ಬಹಳ ಮೃದುವಾಗಿ ಕೇಳಿದರು. ಆ ಮೃದುತನ ಇವತ್ತಿಗೂ ಚುಚ್ಚುತ್ತದೆ. ಅಷ್ಟರಲ್ಲಿ ಕೋಬಾಲ್ ಕೇಳುವವರೂ ಇಲ್ಲವಾದರು. ಕೊನೆಗೆ ಶಿವಮೊಗ್ಗದ ಅದೇ ಕೇಂದ್ರದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಪಾಠಕ್ಕಿಂತ ಹೆಚ್ಚಾಗಿ ಸೇರಲು ಬಂದ ತಂದೆತಾಯಿಯರನ್ನು ಕೂರಿಸಿಕೊಂಡು ಒಪ್ಪಿಸುವ ಕೆಲಸವಿತ್ತು. "ಒಂದೂವರೆ ವರ್ಷ, ಆಮೇಲೆ ಕೆಲಸ ಹುಡ್ಕೊಂಡು ಬರುತ್ತೆ" ಎಂದು ನಾನೂ ಹೇಳಿದೆ. ಹೇಳುವಾಗ ಅವರ ಕಣ್ಣು ನೋಡುತ್ತಿರಲಿಲ್ಲ. ಉಳಿದ ಹೊತ್ತು ಕೆಟ್ಟ ಫ್ಲಾಪಿ, ವೈರಸ್, ಕೂಗಿಕೊಳ್ಳುವ ಯು.ಪಿ.ಎಸ್. ನನ್ನ ಸಾಫ್ಟ್‌ವೇರ್ ಜೀವನ ಎಂದರೆ ಇದು.

ಎರಡು ಸಾವಿರದ ಆಚೆ ಈಚೆ ನಮ್ಮ ಕೇಂದ್ರ ಸುತ್ತಲಿನ ಊರುಗಳಲ್ಲಿ ಶಾಖೆ ಕೊಡಲು ಹೊರಟಿತು. ಅರ್ಜಿ ಹಾಕಿದವರ ಜಾಗಕ್ಕೆ ಹೋಗಿ ಯಂತ್ರ ಎಷ್ಟಿವೆ, ಪಾಠ ಹೇಳುವವರು ಯಾರು ಎಂದು ನೋಡಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಡಿಮೆಯೆಂದರೆ ಆರು ಕಂಪ್ಯೂಟರ್ ಇರಬೇಕೆಂಬುದು ನಿಯಮ. ತರೀಕೆರೆಯಲ್ಲಿ ನಾಲ್ಕೇ ಇದ್ದವು, ಮುಖ್ಯಸ್ಥರು ಅಡ್ಜಸ್ಟ್ ಮಾಡಿ ಎಂದರು, ಪಾಸು ಮಾಡಿದೆ. ಒಂದು ದಿನ ಮೇಜಿನ ಮೇಲೆ ಓಲ್ಡ್ ಟೌನಿನ ಅರ್ಜಿ ಇತ್ತು. ಸಹಿಯನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು.

"ಇದಕ್ಕೆ ಬೇರೆ ಯಾರನ್ನಾದ್ರೂ ಕಳಿಸ್ಲಾ? ಭದ್ರಾವತಿ ನಿಮ್ಮೂರೇ ಅಲ್ವಾ, ಪರಿಚಯದವ್ರಿರ್ತಾರೆ" ಎಂದರು ಮುಖ್ಯಸ್ಥರು.

"ಬೇಡ ಸರ್, ನಾನೇ ಹೋಗ್ತೀನಿ" ಎಂದೆ.

ಕಾರಿರಲಿಲ್ಲ. ಮನೆಯಿಂದ ನಡೆದುಕೊಂಡೇ ಹೋದೆ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟಿದ್ದೆ. ಮೆಟ್ಟಿಲು ಹತ್ತಿ ಗಾಜಿನ ಬಾಗಿಲ ಮುಂದೆ ನಿಂತೆ. ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು ಅಲ್ಲಿಯೇ ಇತ್ತು. ಬಿಡಲಿಲ್ಲ, ಹಾಕಿಕೊಂಡೇ ಒಳಗೆ ನಡೆದೆ.

ಮಾಲೀಕರಿಗೆ ಕೂದಲು ನೆರೆತಿತ್ತು. ನನ್ನನ್ನು ಕಂಡು ಎದ್ದು ನಿಂತವರು, ಇನ್‌ಸ್ಪೆಕ್ಷನ್ನಿಗೆ ಬಂದವಳು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ನನ್ನ ಚಪ್ಪಲಿ ನೋಡಿದರು.

"ಓ, ನೀವಾ ಮೇಡಂ. ನಮ್ಮಲ್ಲೇ ಬೆಳೆದೋರು ಇವತ್ತು ಎಲ್ಲಿಗೆ ಬಂದ್ಬಿಟ್ರಿ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ತಾವೇ ನೀರು ತಂದುಕೊಟ್ಟರು. ಕುಡಿದೆ.

ಎಂಟು ಕಂಪ್ಯೂಟರ್ ಸಾಲಾಗಿದ್ದವು. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ಎಂದೆ. ಐದು ಹೊತ್ತಿಕೊಂಡವು. ಉಳಿದ ಮೂರರ ಡಬ್ಬ ತೆರೆಸಿದೆ. ಒಳಗೆ ಏನೂ ಇರಲಿಲ್ಲ, ಬರೀ ತಗಡು. ಅವರು ರಿಪೇರಿ ಎಂದರು, ಬಿಡಿಭಾಗ ಬೆಂಗಳೂರಿಗೆ ಹೋಗಿದೆ ಎಂದರು. ಐದೋ ಆರೋ ಜನ ವಿದ್ಯಾರ್ಥಿಗಳು ಗೋಡೆಗೆ ಒರಗಿ ನೋಡುತ್ತಿದ್ದರು.

"ಸರಿ ಸರ್, ಒಂದು ಹೇಳಿಕೆ ಬೇಕು, ಇಲ್ಲೇ. ನಾನು ಹೇಳ್ತೀನಿ, ನೀವು ಟೈಪ್ ಮಾಡಿ" ಎಂದೆ.

"ನಮ್ಮ ಟೀಚರ್ ಮಾಡ್ತಾರೆ ಬಿಡಿ."

"ಸಹಿ ಹಾಕೋರೇ ಮಾಡ್ಬೇಕು ಸರ್. ನಿಯಮ."

ಅಂಥ ನಿಯಮ ಇರಲಿಲ್ಲ. ಆ ಕ್ಷಣದಲ್ಲಿ ನಾನೇ ಮಾಡಿದ್ದು.

ಅವರು ಕುಳಿತರು. ಎಂಟರಲ್ಲಿ ಐದು ಮಾತ್ರ ನಡೆಯುತ್ತವೆ, ಮೂರು ಖಾಲಿ ಡಬ್ಬ ಎಂದು ನಾನು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವರ ಬಲಗೈಯ ತೋರುಬೆರಳು ಮೇಲೆದ್ದು, ಕೀಗಳ ಮೇಲೆ ಅಲೆದಾಡಿ, ಒಂದು ಅಕ್ಷರದ ಮೇಲೆ ಇಳಿಯಿತು. ಮತ್ತೆ ಎದ್ದಿತು. ಇಪ್ಪತ್ತೈದು ವರ್ಷ ಟೈಪಿಂಗ್ ಶಾಲೆ ನಡೆಸಿದ ಮನುಷ್ಯನಿಗೆ ಟೈಪಿಂಗ್ ಬರುತ್ತಿರಲಿಲ್ಲ. ವಿದ್ಯಾರ್ಥಿಗಳಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅವರ ಕಿವಿ ಕೆಂಪಾಯಿತು. ನಾನು ಒರಗಿ ಕುಳಿತು ನಿಧಾನವಾಗಿ ಒಂದೊಂದೇ ಪದ ಕೊಟ್ಟೆ. ತಪ್ಪಾದಾಗ, "ಮೂರನೇ ಸಾಲು ಸರ್, 'ಓನ್ಲಿ' ಪದಕ್ಕೆ ಎರಡು ಎಲ್ ಇಲ್ಲ" ಎಂದೆ. ಏಳು ಸಾಲಿಗೆ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಒಂದು ನಿಮಿಷವೂ ನನಗೆ ಬೇಸರವಾಗಲಿಲ್ಲ.

ಕಾಗದ ತೆಗೆದುಕೊಂಡು ಇಳಿಯುವಾಗ ಅಲ್ಲಿಯ ಟೀಚರ್, ಮದುವೆಯಾದ ಹೆಂಗಸು, ಮೆಟ್ಟಿಲವರೆಗೆ ಹಿಂದೆ ಬಂದಳು. "ಮೇಡಂ, ಬ್ರಾಂಚ್ ಸಿಕ್ಕಿದ್ರೆ ನನ್ನ ಕೆಲಸ ಪರ್ಮನೆಂಟ್ ಮಾಡ್ತೀನಿ ಅಂದಿದ್ರು" ಎಂದಳು. ತರೀಕೆರೆಯ ನಾಲ್ಕು ಕಂಪ್ಯೂಟರ್ ನೆನಪಾದವು. ಆದರೂ ವರದಿಯಲ್ಲಿ 'ಯೋಗ್ಯವಲ್ಲ' ಎಂದೇ ಬರೆದೆ. ನ್ಯಾಯಕ್ಕಾಗಿ ಬರೆದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹುರುಳಿಕಾಳು ಆರಿಸುತ್ತಾ ಕೇಳಿಸಿಕೊಂಡಳು.

"ನೀರು ಕುಡಿದ್ಯಾ ಅವನ ಕೈಯಿಂದ?"

"ಕುಡಿದೆ."

"ಕುಡೀಬಾರ್ದಿತ್ತು" ಎಂದಳು.

ಮುಖ್ಯಸ್ಥರು ಮಾತ್ರ ಸಿಟ್ಟಾದರು. "ಐದಿದ್ವಂತಲ್ಲ ಮೇಡಂ, ಭದ್ರಾವತಿಯಂಥ ಊರು ಬಿಟ್ಕೊಟ್ರಿ" ಎಂದರು. ಅವರು ಹೇಳಿದಂತೆಯೇ ಆಯಿತು. ಎರಡು ತಿಂಗಳಲ್ಲಿ ಇನ್ನೊಂದು ಕಂಪ್ಯೂಟರ್ ಕಂಪನಿ ಓಲ್ಡ್ ಟೌನಿನ ಅದೇ ಮಾಲೀಕರಿಗೆ ಶಾಖೆ ಕೊಟ್ಟಿತು. ಬಸ್ಸಿನ ಕಿಟಕಿಯಿಂದ ನೋಡಿದೆ. ಮೊದಲಿನದಕ್ಕಿಂತ ಎರಡರಷ್ಟು ದೊಡ್ಡ ಬೋರ್ಡು, ಒಳಗೆ ಟ್ಯೂಬ್‌ಲೈಟ್. ನನ್ನ ಎದೆ ಉರಿಯಿತು. ಅವರೇ ಟೈಪ್ ಮಾಡಿ ಸಹಿ ಹಾಕಿದ ಹೇಳಿಕೆಯ ಜೆರಾಕ್ಸ್ ಮಾಡಿಸಿ ಆ ಕಂಪನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಇನ್ನೊಂದು ಕಳಿಸಿದೆ. ಅದಕ್ಕೂ ಬರಲಿಲ್ಲ. ಬೋರ್ಡು ಹಾಗೆಯೇ ಇತ್ತು.

ನಮ್ಮ ಕೇಂದ್ರವೇ ಮೊದಲು ಮುಚ್ಚಿತು. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ, ಹಳೆಯ ಕೈಬರಹದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಒಂದು ಸಣ್ಣ ಆಫೀಸಿಗೆ ಸೇರಿದೆ. ಎಲ್ಲ ಕನ್ನಡದ ಕಾಗದಗಳು. ಅಲ್ಲಿ ಬೇಕಾಗಿದ್ದದ್ದು ಕೋಬಾಲ್ ಅಲ್ಲ, ನನ್ನ ಬೆರಳು. ದಿನವಿಡೀ ಟೈಪ್ ಮಾಡುತ್ತಿದ್ದೆ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ಐ.ಟಿ. ಎನ್ನುತ್ತಿದ್ದೆ. ಸುಳ್ಳೂ ಅಲ್ಲ.

ಕೆಲವು ವರ್ಷ ಕಳೆದ ಮೇಲೆ ಮನೆಮನೆಗೂ ಕಂಪ್ಯೂಟರ್ ಬಂತು. ಕಲಿಸುವ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಓಲ್ಡ್ ಟೌನಿನದೂ ಮುಚ್ಚಿತೆಂದು, ಆ ಜಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟರೆಂದು, ಮಾಲೀಕರು ಈಗ ಸುಮ್ಮನೆ ಮನೆಯಲ್ಲಿದ್ದಾರೆಂದು ಪೇಟೆಯಲ್ಲಿ ಯಾರೋ ಹೇಳಿದರು. ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಗಿತ್ತು.

"ಏನಾಯ್ತೇ?" ಎಂದಳು ಅಮ್ಮ.

"ಇನ್‌ಸ್ಟಿಟ್ಯೂಟ್ ಮುಚ್ತಂತೆ."

"ಒಳ್ಳೇದೇ ಆಯ್ತಲ್ಲ."

"ನಾನು ಮುಚ್ಚಿಸಿದ್ದಲ್ಲಮ್ಮ."

"ಇನ್ನೂ ಆರಿಲ್ವಾ ನಿಂಗೆ?" ಎಂದಳು.

"ಇಲ್ಲ" ಎಂದೆ.

"ಸರಿ, ಕೈ ತೊಳ್ಕೊಂಡು ಬಾ. ಅನ್ನ ಆರುತ್ತೆ" ಎಂದು ಒಳಗೆ ಹೋದಳು.