ಮುಪ್ಪಿನ ಲೆಕ್ಕದ ಮಾಸ್ತಪ್ಪನವರು
ಎಂಬತ್ತರ ದಶಕದಲ್ಲಿ ವಿಮಾ ಕಂಪನಿಯ ಸಮೀಕ್ಷೆಯೊಂದಕ್ಕಾಗಿ ಸಾಗರದ ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ತಿರುಗುತ್ತಿದ್ದ ಮಾಸ್ತಪ್ಪನವರು ಹೊಸಿಲು ದಾಟುವ ಮೊದಲೇ "ವಯಸ್ಸಾದೋರು ಯಾರಿದಾರೆ?" ಎಂದು ಕೂಗುತ್ತಿದ್ದರು. ಮುದುಕರು ತಾವಾಗಿಯೇ ನಡೆಯುತ್ತಾರೆಯೇ, ಸ್ನಾನ ಮಾಡುತ್ತಾರೆಯೇ, ಅವರ ಆರೈಕೆಗೆ ಎಷ್ಟು ಖರ್ಚು ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಬರೀ ಬಾಯಿಮಾತನ್ನು ಅವರು ನಂಬುತ್ತಿರಲಿಲ್ಲ. ಅಜ್ಜಂದಿರನ್ನು ಕೈಹಿಡಿದು ಅಂಗಳದಲ್ಲಿ ನಡೆಸಿ, ಸುಸ್ತಾದರೆ ತಾವೇ ಕಾಲು ಒತ್ತುತ್ತಿದ್ದರು. ಹಾಗಾಗಿ ಅವರು ಬಂದ ದಿನ ಗಟ್ಟಿಮುಟ್ಟಾದ ಮುದುಕರೂ ಕುಂಟುತ್ತಾರೆಂದು ನಮ್ಮೂರೆಲ್ಲ ನಗುತ್ತಿತ್ತು. ಒಮ್ಮೆ, ಲಕ್ವ ಹೊಡೆದು ಮಲಗಿದ್ದ ಕನ್ನಮ್ಮನ ಆರೈಕೆಯ ಖರ್ಚನ್ನು ಸೊಸೆ ಪುಷ್ಪಮ್ಮನ ಬಳಿ ಕೇಳಿದರು. "ಖರ್ಚೆಂತದು? ನಾನೇ ಇದೀನಲ್ಲ," ಎಂದಳು ಆಕೆ. "ತವರಿಗೆ ಹೋಗಿ ಎಷ್ಟು ದಿನ ಆಯ್ತಮ್ಮಾ?" "ಅತ್ತೆ ಮಲಗಿದ್ಮೇಲೆ ಹೋಗ್ಲೇ ಇಲ್ಲ. ಕೆಳದೀಲಿ ನಮ್ಮವ್ವಂಗೂ ಈಗ ಕಣ್ಣು ಕಾಣಲ್ವಂತೆ." ಮಾಸ್ತಪ್ಪನವರು ಪೆನ್ನು ಜೇಬಿಗಿಟ್ಟರು. "ಹೋಗ್ಬನ್ನಿ. ಸಂಜೆ ತಂಕ ನಾನಿರ್ತೀನಿ." ಸಂಜೆ ಬಸ್ಸಿಳಿದು ಓಡೋಡಿ ಬಂದ ಪುಷ್ಪಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಮಾಸ್ತಪ್ಪನವರು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಅತ್ತೆ ತೊದಲುತ್ತಲೇ ಗದರುತ್ತಿದ್ದಳು: "ಬಿಸಿ ಆರ್ಸಿ ಕೊಡ್ರಾ. ನನ್ ಪುಷ್ಪಿ ಒಂದಿನಾನೂ ಬಾಯಿ ಸುಡ್ಸಿಲ್ಲ."