ಸಿಂಹಾಚಲದ ಕಂಬದ ಬಳಿ ಕೇಳಿಕೊಂಡದ್ದು

2008ರ ಜನವರಿಯಲ್ಲಿ ನಮ್ಮ ಗೈಡ್ ವಿಶಾಖಪಟ್ಟಣದ ಕಾನೂನು ಕಾಲೇಜಿನಿಂದ ವಿಜಯವಾಡಕ್ಕೆ ವರ್ಗವಾದರು. ಅವರ ಮಾರ್ಗದರ್ಶನದಲ್ಲಿ ಆನರ್ಸ್ ಪ್ರಬಂಧ ಬರೆಯುತ್ತಿದ್ದವರು ಇಬ್ಬರು: ನಾನು ಮತ್ತು ನನ್ನ ಸಹಪಾಠಿ ಲಾವಣ್ಯ. ಅಲ್ಲಿಂದ ಒಬ್ಬರನ್ನು ಮಾತ್ರ ನೋಡಿಕೊಳ್ಳಬಲ್ಲೆ ಎಂದ ಅವರು ಲಾವಣ್ಯಳನ್ನು ಉಳಿಸಿಕೊಂಡರು. "ನಿನ್ನದರಲ್ಲಿ ತೀರ್ಪುಗಳ ಸಾರಾಂಶ ಇದೆಯಮ್ಮಾ, ವಾದ ಇಲ್ಲ" ಎಂದು ನನ್ನ ಅಧ್ಯಾಯವನ್ನು ಹಿಂದಿರುಗಿಸಿದರು. ಗೈಡ್ ಇಲ್ಲದಿದ್ದರೆ ಆನರ್ಸ್ ಇಲ್ಲ, ಬರೀ ಪದವಿ.

ನನ್ನ ವಿಷಯ ದೇವಸ್ಥಾನದ ಆಸ್ತಿ. ಕಾನೂನಿನ ಕಣ್ಣಿಗೆ ದೇವರು ಆಸ್ತಿಯ ಒಡೆಯ, ಆದರೆ ಮೈನರ್. ಅವನ ಪರವಾಗಿ ಬೇರೆಯವರು ಮಾತಾಡಬೇಕು. ಲಾವಣ್ಯಳದು ಹತ್ತಿರದ ಅಚ್ಯುತಾಪುರಂನಲ್ಲಿ ಕೈಗಾರಿಕೆಗಳಿಗಾಗಿ ನಡೆದ ಭೂಸ್ವಾಧೀನ. ಅವಳ ಅಧ್ಯಾಯವನ್ನು ಗೈಡ್ ತರಗತಿಯಲ್ಲಿ ಓದಿಸಿದ್ದರು. ನಾನು ಅದರಲ್ಲಿ ತಪ್ಪು ಹುಡುಕುತ್ತ ಕೂತಿದ್ದೆ. ಸಿಗಲಿಲ್ಲ.

ನಾವು ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದ ಹುಬ್ಬಳ್ಳಿ ಬಿಟ್ಟು ಬಂದವರು. ಸಿಂಹಾಚಲದ ನರಸಿಂಹಸ್ವಾಮಿ, ಇಲ್ಲಿಯವರ ಬಾಯಲ್ಲಿ ಅಪ್ಪನ್ನ; ಅವನ ಗುಡಿಯಲ್ಲಿ ಕಂಬವೊಂದನ್ನು ತಬ್ಬಿ ಬೇಡಿಕೊಂಡರೆ ನೆರವೇರುತ್ತದೆಂದು ಇಲ್ಲಿಯವರ ನಂಬಿಕೆ. ಅಮ್ಮ ನನ್ನನ್ನು ಹೊರಡಿಸಿಕೊಂಡು ಹೋದಳು.

"ದೇವರಿಗೇ ಮೈನರ್ ಅಂತ ಬರದೀಯಲ್ಲ, ಅಂವಾ ನಿನಗ ಹೆಂಗ ಕೊಟ್ಟಾನು?" ಬಸ್ಸಿನಲ್ಲೇ ಶುರುವಾಯಿತು.

"ಕೋರ್ಟ್ ಹೇಳಿದ್ದಮ್ಮ, ನಾ ಅಲ್ಲ."

"ಹಂಗಾರ ಕೋರ್ಟಿನ ಕಂಬಾನೇ ತಬ್ಬಿಕೋ ಹೋಗು."

ಗೈಡ್ ನನಗೂ ಸಿಗಲಿ ಎಂದು ಕೇಳಬೇಕೆಂದಿದ್ದೆ. ಕಂಬ ತಬ್ಬಿದಾಗ ಬಾಯಿಗೆ ಬಂದದ್ದು ಬೇರೆ: "ಲಾವಣ್ಯಳ ಜಾಗ ನನಗೆ ಕೊಡು."

ಮರುದಿನ ಲಾವಣ್ಯ ಮನೆಗೆ ಬಂದಳು. ಶನಿವಾರ ವಿಜಯವಾಡಕ್ಕೆ ಹೋಗುತ್ತಿದ್ದಾಳಂತೆ. ನೀನೂ ಬಾ, ಸಾರ್ ಹತ್ತಿರ ನಾನೂ ಹೇಳುತ್ತೇನೆ ಎಂದಳು. ಅವಳ ಶಿಫಾರಸು ನನಗೆ ಬೇಕಿರಲಿಲ್ಲ. ಹೋದೆ.

ರೈಲು ಅನಕಾಪಲ್ಲಿ ಬಿಟ್ಟ ಮೇಲೆ ಅವಳು ನನ್ನ ಅಧ್ಯಾಯ ತೆಗೆದುಕೊಂಡು ಓದಿ, ತನ್ನ ತೆಲುಗಿನಲ್ಲಿ ಶುರುಮಾಡಿದಳು.

"ಏಮೇ ಸುಮಾ, ಗುಡಿ ನೋಡಿಕೊಳ್ಳಬೇಕಾದ ಧರ್ಮಕರ್ತನೇ ದೇವರ ಜಮೀನು ಮಾರಿಕೊಂಡರೆ ಕೋರ್ಟಿಗೆ ಯಾರು ಹೋಗಬೇಕು?"

"ಭಕ್ತ ಹೋಗಬಹುದು. ತೀರ್ಪಿದೆ."

"ಎಂಥಾ ಭಕ್ತ? ದಿನಾ ಹೋಗುವವನಾ, ವರ್ಷಕ್ಕೊಮ್ಮೆ ಹೋಗುವವನಾ? ಯಾರ ಮೇಲೋ ಹೊಟ್ಟೆಕಿಚ್ಚಿಗೆ ದೇವರ ಹೆಸರು ಹಿಡಿದು ಬಂದವನಾದರೆ? ಅದನ್ನು ಬರೆಯೇ ತಲ್ಲೀ!"

ಆ ಪ್ರಶ್ನೆ ಅವಳಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ ಎಂದು ಉರಿಯಿತು. ಉರಿಯುತ್ತಲೇ ಬರೆಯಲು ಕೂತೆ. ರಾಜಮಂಡ್ರಿಯ ಸೇತುವೆಯ ಮೇಲೆ ಎಲ್ಲರೂ ಗೋದಾವರಿಗೆ ಕಾಸು ಎಸೆಯುವಾಗಲೂ ತಲೆ ಎತ್ತಲಿಲ್ಲ.

ಗೈಡ್ ಹೊಸ ಹಾಳೆಗಳನ್ನು ನಿಂತುಕೊಂಡೇ ಓದಿದರು. "ಇದು ವಾದ. ಇನ್ನು ಮೇಲೆ ಶನಿವಾರಗಳಂದು ಇಬ್ಬರೂ ಬನ್ನಿ, ಕಾಲೇಜಿಗೆ ನಾನು ಹೇಳುತ್ತೇನೆ" ಎಂದು ಸಹಿ ಹಾಕಿದರು.

ಇದನ್ನು ಓದುತ್ತಿರುವ ಭಕ್ತಬಂಧುಗಳೇ, ನಾನು ಕೇಳಿದ ಜಾಗವನ್ನು ಅಪ್ಪನ್ನ ಕೊಡಲಿಲ್ಲ. ಅದರ ಪಕ್ಕದ ಜಾಗ ಕೊಟ್ಟ. ಅವನಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಈಗ ಅವನನ್ನು ಮೊದಲಿಗಿಂತ ಗಟ್ಟಿಯಾಗಿ ನಂಬಿದ್ದೇನೆ.

ಎರಡೂ ಪ್ರಬಂಧಗಳು ಅಂಗೀಕಾರವಾದವು. ಲಾವಣ್ಯಳಿಗೆ ನನಗಿಂತ ಹೆಚ್ಚು ಅಂಕ ಬಂದಿದೆ. ಕಳೆದ ವಾರ ಇಬ್ಬರೂ ಸಿಂಹಾಚಲಕ್ಕೆ ಹೋಗಿದ್ದೆವು. ಕಂಬವನ್ನು ಅವಳೇ ಮೊದಲು ತಬ್ಬಿದಳು. ಏನು ಕೇಳಿಕೊಂಡಳೆಂದು ಇನ್ನೂ ಹೇಳಿಲ್ಲ.