ಚರಿತ್ರೆಯಿಂದ ನಾನು ಹೊಡೆದುಹಾಕಿದ ಹೆಸರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಇದು ಕಥೆಯಲ್ಲ, ನಡೆದದ್ದು, ಅದೂ ನನಗೇ. ನಂಬದವರು ನಂಬದೇ ಇರಲಿ, ನನಗೇನೂ ನಷ್ಟವಿಲ್ಲ.

ತೊಂಬತ್ತರ ದಶಕದ ಆರಂಭ. ಮೈಸೂರಿನಿಂದ ಹೋದ ನಾನು ನೈರೋಬಿಯ ಒಂದು ಹಳೆಯ ಇಂಗ್ಲಿಷ್ ವಸತಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಬಿಳಿಯರು ತಮ್ಮ ಮಕ್ಕಳಿಗೆಂದು ಕಟ್ಟಿಕೊಂಡದ್ದು. ಒಂದು ಕಾಲಕ್ಕೆ ನಮ್ಮಂಥವರನ್ನು ಗೇಟಿನೊಳಗೂ ಬಿಡುತ್ತಿರಲಿಲ್ಲವಂತೆ. ಈಗ ಅದೇ ಗೇಟಿನೆದುರು ಲೊರೆಶೋ ಎಂಬ ಸಿರಿವಂತರ ಬಡಾವಣೆಯ ನಮ್ಮ ಭಾರತೀಯ ಡಾಕ್ಟರುಗಳು ಮಕ್ಕಳ ಸೀಟಿಗಾಗಿ ಹಲ್ಲುಗಿಂಜುತ್ತ ನಿಲ್ಲುತ್ತಿದ್ದರು. ಸೋಮವಾರದ ಅಸೆಂಬ್ಲಿಗೆ ಮೇಷ್ಟ್ರುಗಳೆಲ್ಲ ಕಪ್ಪು ಗೌನು ತೊಡಬೇಕು. ದೂರದಿಂದ ನೋಡಿದರೆ ಕಾಗೆಗಳ ಸಭೆ. ಶಾಲೆಗೊಂದು ದೆವ್ವವೂ ಇತ್ತು, ಪೈಪು ಸೇದುತ್ತ ವರಾಂಡದಲ್ಲಿ ಓಡಾಡುವ ಮೊದಲ ಹೆಡ್‌ಮಾಸ್ಟರು. ಇವರಿಗೆ ದೆವ್ವವೂ ಇಂಗ್ಲೆಂಡಿನದೇ ಆಗಬೇಕು.

ಶಾಲೆಯ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹಳೆಯ ಸಂಗತಿಗಳನ್ನೆಲ್ಲ ನನಗೆ ಹೇಳಿದವನು ಮುತಿಸೊ. ನಲವತ್ತು ವರ್ಷ ಶಾಲೆಯ ಲಾಂಡ್ರಿಯಲ್ಲಿ ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿದವನು.

“ಮ್ವಾಲಿಮು, ನನ್ನ ಹೆಸರೂ ಬರುತ್ತಾ?” ಎಂದು ಕೇಳಿದ್ದ. ಮೇಷ್ಟ್ರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಬರುತ್ತೆ ಎಂದು ಮಾತು ಕೊಟ್ಟಿದ್ದೆ. ಆ ವರ್ಷವೇ ಅವನು ತೀರಿಕೊಂಡ.

ಪ್ರೂಫ್ ನೋಡಿದ ಹೆಡ್‌ಮಾಸ್ಟರು, “ಇಸ್ತ್ರಿಯವನ ಪ್ಯಾರಾ ತೆಗೀರಿ. ದೆವ್ವದ ಕಥೆ ಹಾಗೇ ಇರಲಿ, ಹಳೆ ವಿದ್ಯಾರ್ಥಿಗಳಿಗೆ ಇಷ್ಟ” ಎಂದರು. ಅದೇ ಉಸಿರಿನಲ್ಲಿ, “ಮುಂದಿನ ವರ್ಷಕ್ಕೆ ನಿಮ್ಮ ಕಾಂಟ್ರಾಕ್ಟ್ ಸೈನ್ ಮಾಡೋದಿದೆ, ಅಲ್ವಾ?”

ಭಾನುವಾರ ರಾತ್ರಿ ನನಗೆ ಹಾಸ್ಟೆಲ್ ಡ್ಯೂಟಿ. ಮನೆಯಿಂದ ಹೆಂಡತಿ ಫೋನಿನಲ್ಲಿ ಪಿಸುಗುಟ್ಟಿದಳು. “ರೀ, ಸುಮ್ನೆ ತೆಗೆದುಬಿಡಿ. ಸತ್ತೋರಿಗೆ ಏನು ಗೊತ್ತಾಗುತ್ತೆ? ಕಾಂಟ್ರಾಕ್ಟ್ ಹೋದ್ರೆ ಇಲ್ಲಿರೋ ಪರ್ಮಿಟ್ಟೂ ಹೋಗುತ್ತೆ, ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತೆ.”

ಕೆಂಪು ಪೆನ್ನಿನಿಂದ ಆ ಪ್ಯಾರಾ ಹೊಡೆದುಹಾಕಿದೆ.

ಆಮೇಲೆ ವಾಸನೆ ಬಂತು… ಇದ್ದಿಲಿನ ಹೊಗೆ, ಗಂಜಿ, ಒದ್ದೆ ಬಟ್ಟೆ ಕಾದ ವಾಸನೆ. ಹಿಂದೆಯೇ ಸದ್ದು. ಸರ್ರ್… ಠಕ್. ಭಾರದ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟ ಹಾಗೆ. ಮತ್ತೆ ಸರ್ರ್…

ಕೋಣೆಗೆ ಬೀಗ ಹಾಕಿ, ಟಾರ್ಚ್ ಹಿಡಿದು ಕೆಳಗಿಳಿದೆ. ವಾಷಿಂಗ್ ಮೆಷಿನ್ ಬಂದ ಮೇಲೆ ಮುಚ್ಚಿದ್ದ ಹಳೆಯ ಲಾಂಡ್ರಿ. ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು. ಸದ್ದು ಒಳಗಿಂದಲೇ ಬರುತ್ತಿತ್ತು. ರಾತ್ರಿ ಕಾವಲಿನವನು ಆಗಲೇ ಅಲ್ಲಿ ನಿಂತಿದ್ದ.

“ಒಳಗೆ ಯಾರು?”

“ಯಾರೂ ಇಲ್ಲ, ಮ್ವಾಲಿಮು.” ಅವನು ನನ್ನ ಮುಖ ನೋಡಲಿಲ್ಲ. “ಅವನ ಕೆಲಸ ಮುಗೀಲಿ. ನೀವು ಮೇಲೆ ಹೋಗಿ.”

ಹೋದೆ. ನಾನು ಹಾಕಿದ ಬೀಗ ಹಾಗೆಯೇ ಇತ್ತು. ತೆಗೆದೆ. ಕುರ್ಚಿಯ ಮೇಲೆ ಮುದ್ದೆ ಮಾಡಿ ಎಸೆದಿದ್ದ ನನ್ನ ಗೌನು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಗೀರು ಎಳೆದಂತೆ ನೆಟ್ಟಗಿನ ಇಸ್ತ್ರಿ. ಕಾಲರಿನ ಹಿಂದೆ ಎರಡು ಸಣ್ಣ ಮಡಿಕೆ… ಹಾಗೆ ಮಡಿಸುತ್ತಿದ್ದವನು ಒಬ್ಬನೇ. ಮುಟ್ಟಿದೆ. ಬಿಸಿಯಿತ್ತು.

ಪ್ರೂಫ್ ಮೇಜಿನ ಮೇಲೆ ಇದ್ದ ಹಾಗೆಯೇ ಇತ್ತು. ಬೆಳಗಿನವರೆಗೂ ಅದರ ಮುಂದೆ ಕೂತಿದ್ದೆ. “ಹೊಡೆದುಹಾಕಿದ್ದನ್ನು ಉಳಿಸಿ” ಎಂದು ಪಕ್ಕದಲ್ಲಿ ಬರೆಯಲು ಒಂದು ಕ್ಷಣ ಸಾಕಿತ್ತು. ಬರೆಯಲಿಲ್ಲ. ಪ್ರೂಫ್ ಪ್ರೆಸ್ಸಿಗೆ ಹೋಯಿತು, ನನ್ನ ಕಾಂಟ್ರಾಕ್ಟಿಗೆ ಸಹಿಯೂ ಬಿತ್ತು.

ಕತ್ತು ಹಿಸುಕಲು ಬಂದಿದ್ದರೆ ಹೆದರಿ, ಪೂಜೆ ಮಾಡಿಸಿ, ಮರೆತುಬಿಡಬಹುದಿತ್ತು. ಅವನು ನನ್ನ ಬಟ್ಟೆ ಇಸ್ತ್ರಿ ಮಾಡಿಟ್ಟು ಹೋದ. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ ಬೇರೆ ಗೌನಿಲ್ಲದೆ ಅದನ್ನೇ ತೊಟ್ಟು ಅಸೆಂಬ್ಲಿಗೆ ಹೋದೆ. ಬೆನ್ನ ಮೇಲೆ ಬಟ್ಟೆ ಇನ್ನೂ ಬೆಚ್ಚಗಿತ್ತು. ಹೆಡ್‌ಮಾಸ್ಟರು ಮೇಲಿಂದ ಕೆಳಗೆ ನೋಡಿ ಮೆಚ್ಚಿ, “ಯಾರು ಮಾಡಿದ್ದು ಇಸ್ತ್ರಿ?” ಎಂದು ಕೇಳಿದರು.

“ನಾನೇ ಸಾರ್” ಎಂದೆ.